ಕೊಕ್ಕೆಯ ಕೆಳಗೆ ನೋಡಿ: ಭಾರೀ ಕಾರ್ಖಾನೆ, ಕ್ರೇನು — ಓದುಗರ ಪ್ರಶ್ನೆಗಳಿಗೆ ಉತ್ತರ

ಉಕ್ಕಿನ ಪ್ಲೇಟು ಕತ್ತರಿಸಿ, ಬಗ್ಗಿಸಿ, ಬೆಸೆಯುವ ಭಾರೀ ಫ್ಯಾಬ್ರಿಕೇಶನ್ ಶೆಡ್ಡುಗಳ ಭೇಟಿ ಮತ್ತು ಅಲ್ಲಿ ತಲೆಯ ಮೇಲೆ ಹಳಿಗಳಲ್ಲಿ ಓಡುವ ವಿದ್ಯುತ್ ಚಾಲಿತ ಇಒಟಿ ಕ್ರೇನುಗಳ ಬಗ್ಗೆ ಈ ಸಲ ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ ಕಡೆಯಿಂದ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಡಿಪ್ಲೊಮಾ ಮೆಕ್ಯಾನಿಕಲ್‌ನ 45 ವಿದ್ಯಾರ್ಥಿಗಳನ್ನು ಭಾರೀ ಫ್ಯಾಬ್ರಿಕೇಶನ್ ಕಾರ್ಖಾನೆಗೆ ಕರೆದೊಯ್ಯಬೇಕು. ಎರಡು ಕಡೆ ಕೇಳಿದೆವು, ಎರಡೂ ಕಡೆ ಆಗಲ್ಲ ಅಂದರು. ಅರ್ಜಿಯಲ್ಲಿ ಏನು ಬರೆಯಬೇಕು? ಒಳಗೆ ಹೋದ ಮೇಲೆ ಏನು ನೋಡಬೇಕು?
— ಉಪನ್ಯಾಸಕರು, ರಾಜಾಜಿನಗರ

ತೊಡಕು ಆ 45ರಲ್ಲೇ ಇದೆ. ಕ್ರೇನ್ ಓಡುತ್ತಿರುವ ಬೇ (ಎರಡು ಕಂಬಸಾಲುಗಳ ನಡುವಿನ ಅಂಕಣ) ಒಳಗೆ ಅಷ್ಟು ಜನರನ್ನು ಒಟ್ಟಿಗೆ ಬಿಡಲು ಯಾವ ಸೇಫ್ಟಿ ಆಫೀಸರೂ ಒಪ್ಪುವುದಿಲ್ಲ. ಹದಿನೈದು ಜನರ ಮೂರು ತಂಡ, ತಂಡಕ್ಕೊಬ್ಬ ಉಪನ್ಯಾಸಕರು, ಬೇಕಿದ್ದರೆ ಮೂರು ಬೇರೆ ದಿನ ಎಂದು ನೀವೇ ಬರೆದುಬಿಡಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮೂರು–ನಾಲ್ಕು ವಾರ ಮೊದಲೇ ಎಚ್.ಆರ್. ವಿಭಾಗಕ್ಕೆ ಅರ್ಜಿ ಕೊಟ್ಟು, ಪ್ರತಿಯನ್ನು ಸೇಫ್ಟಿ ವಿಭಾಗಕ್ಕೂ ಕಳಿಸಿ. ಹೆಸರು, ಗುರುತಿನ ಚೀಟಿ, ಶೂ ಅಳತೆಯ ಪಟ್ಟಿ ಜೊತೆಗಿರಲಿ. ತಿಂಗಳ ಕೊನೆಯ ವಾರ ಕೇಳಲೇಬೇಡಿ, ಅದು ಡಿಸ್‌ಪ್ಯಾಚ್ ಗಡಿಬಿಡಿಯ ಹೊತ್ತು. ಮಾರ್ಚ್ ತಿಂಗಳಂತೂ ಪೂರ್ತಿ ಬಿಟ್ಟುಬಿಡಿ. ರಕ್ಷಣಾ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಫೋನು ಗೇಟಿನಲ್ಲೇ ಉಳಿಯುತ್ತದೆ. ಮಕ್ಕಳಿಗೆ ಹಿಂದಿನ ದಿನವೇ ಹೇಳಿ, ಇಲ್ಲವಾದರೆ ಅರ್ಧ ಗಂಟೆ ಗೇಟಿನ ಬಳಿಯೇ ಕಳೆದುಹೋಗುತ್ತದೆ.

ಉದ್ದ ತೋಳಿನ ಹತ್ತಿ ಬಟ್ಟೆ, ಮುಚ್ಚಿದ ಚರ್ಮದ ಶೂ. ನೈಲಾನ್ ದುಪಟ್ಟ, ಸಿಂಥೆಟಿಕ್ ಜಾಕೆಟ್ ಬೇಡ. ಗ್ರೈಂಡಿಂಗ್ ಕಿಡಿ ಬಿದ್ದರೆ ಹತ್ತಿ ಬಟ್ಟೆ ತೂತಾಗುತ್ತದೆ ಅಷ್ಟೆ, ಸಿಂಥೆಟಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಜಡೆಯನ್ನು ಹೆಲ್ಮೆಟ್ಟಿನ ಒಳಗೆ ಸೇರಿಸಬೇಕು. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ, ಕ್ರೇನ್ ಹಾರ್ನ್ ಕೇಳಿಸಬೇಕು.

ನೋಡುವಾಗ ಯಂತ್ರದಿಂದ ಯಂತ್ರಕ್ಕೆ ಅಲೆಯುವ ಬದಲು ಒಂದೇ ಕಬ್ಬಿಣದ ಹಿಂದೆ ಹೋಗಿ. ಪ್ಲೇಟ್ ಯಾರ್ಡಿನಲ್ಲಿ ಪ್ರತಿ ಪ್ಲೇಟಿನ ಮೂಲೆಯಲ್ಲಿ ಹೀಟ್ ನಂಬರ್ ಇರುತ್ತದೆ. ಆ ಉಕ್ಕನ್ನು ಯಾವ ಕುಲುಮೆಯ ಯಾವ ಬ್ಯಾಚಿನಲ್ಲಿ ಕರಗಿಸಿದರು ಎಂಬುದರ ಗುರುತು ಅದು. ಪ್ರೆಶರ್ ವೆಸೆಲ್ (ಒತ್ತಡ ತಡೆಯುವ ಟ್ಯಾಂಕು) ಮಾಡುವ ಕಡೆ ಪ್ಲೇಟನ್ನು ಕತ್ತರಿಸುವ ಮೊದಲೇ ಆ ನಂಬರನ್ನು ಪ್ರತಿ ತುಂಡಿನ ಮೇಲೂ ಪಂಚ್ ಹೊಡೆಯುತ್ತಾರೆ. ಒಂದು ನಂಬರ್ ಬರೆದುಕೊಂಡು, ಆ ತುಂಡು ಎಲ್ಲಿಗೆ ಹೋಯಿತು ಎಂದು ಹುಡುಕಲು ಮಕ್ಕಳಿಗೆ ಹೇಳಿ. ಪ್ಲಾಸ್ಮಾ ಕಟಿಂಗ್, ಬೆಂಡಿಂಗ್ ರೋಲ್, ಸಬ್‌ಮರ್ಜ್ಡ್ ಆರ್ಕ್ ವೆಲ್ಡಿಂಗ್, ಪರೀಕ್ಷೆ, ಹೈಡ್ರೋ ಟೆಸ್ಟ್ (ನೀರು ತುಂಬಿಸಿ ಒತ್ತಡ ಏರಿಸುವ ಪರೀಕ್ಷೆ) ಎಲ್ಲ ಅದರ ಹಿಂದೆಯೇ ಬರುತ್ತವೆ. ರೋಲಿಂಗ್ ಹತ್ತಿರ ಒಂದು ನಿಮಿಷ ನಿಂತು ಪ್ಲೇಟಿನ ತುದಿ ಗಮನಿಸಿ. ಮೂರು ರೋಲುಗಳ ನಡುವೆ ಪ್ಲೇಟು ಬಾಗುತ್ತದೆ, ಆದರೆ ಕೊನೆಯ ಒಂದಿಷ್ಟು ಭಾಗಕ್ಕೆ ಆಸರೆ ಸಿಗದೆ ಅದು ಚಪ್ಪಟೆಯಾಗಿಯೇ ಉಳಿಯುತ್ತದೆ. ಅದಕ್ಕೇ ತುದಿಯನ್ನು ಮೊದಲೇ ಬಗ್ಗಿಸಿಕೊಳ್ಳುತ್ತಾರೆ. ಬಗ್ಗಿಸದಿದ್ದರೆ ಜೋಡಣೆಯ ಕಡೆ ಶೆಲ್ (ವೆಸೆಲ್ಲಿನ ಉರುಳೆಯಾಕಾರದ ಮೈ) ದುಂಡಗಾಗದೆ ಮಾವಿನಕಾಯಿಯ ಮೂತಿಯಂತೆ ಚೂಪಾಗುತ್ತದೆ.

ಹೈಡ್ರೋ ಟೆಸ್ಟ್ ನಡೆಯುತ್ತಿದ್ದರೆ ದೂರದಿಂದಲೇ ನೋಡಿ. ಅಲ್ಲಿ ಸಾಮಾನ್ಯವಾಗಿ ಡಿಸೈನ್ ಒತ್ತಡದ 1.3 ಪಟ್ಟು ಏರಿಸಿರುತ್ತಾರೆ.

ಇನ್ನೊಂದು ದಾರಿಯಿದೆ. ಆಯುಧಪೂಜೆಯ ದಿನ ಬೆಂಗಳೂರಿನ ಎಷ್ಟೋ ಶೆಡ್ಡುಗಳು ನೌಕರರ ಮನೆಯವರಿಗೆ ಬಾಗಿಲು ತೆರೆಯುತ್ತವೆ. ಯಂತ್ರಗಳೆಲ್ಲ ನಿಂತಿರುತ್ತವೆ, ನೆಲ ತೊಳೆದಿರುತ್ತಾರೆ, ಎದೆಯ ಮಟ್ಟಕ್ಕೆ ಇಳಿಸಿದ ಕ್ರೇನ್ ಕೊಕ್ಕೆಗೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಕೊಕ್ಕೆಯನ್ನು ಕೈಯಳತೆಯಲ್ಲಿ ನೋಡಲು ಅಷ್ಟು ಒಳ್ಳೆಯ ದಿನ ಬೇರೆ ಇಲ್ಲ.

ಕ್ರೇನಿನ ಗರ್ಡರ್ (ಅಡ್ಡ ತೊಲೆ) ಮೇಲೆ 25/5 ಟನ್ ಎಂದು ಬರೆದಿತ್ತು. ಎರಡೂ ಸೇರಿ 30 ಟನ್ ಎತ್ತಬಹುದೇ?
— ಐಟಿಐ ವಿದ್ಯಾರ್ಥಿ, ಯಶವಂತಪುರ

ಇಲ್ಲ. ಮುಖ್ಯ ಕೊಕ್ಕೆಗೆ 25, ಪಕ್ಕದ ಚಿಕ್ಕ ಕೊಕ್ಕೆಗೆ 5. ಗರ್ಡರು, ಚಕ್ರ, ಕೆಳಗಿನ ಹಳಿ ಎಲ್ಲವನ್ನೂ ಲೆಕ್ಕ ಹಾಕಿರುವುದು 25ಕ್ಕೆ. ಚಿಕ್ಕ ಕೊಕ್ಕೆ ಇರುವುದು ವೇಗಕ್ಕಾಗಿ. ದೊಡ್ಡ ಕೊಕ್ಕೆಗೆ ಹಗ್ಗ ಹಲವು ಸುತ್ತು ಹಾದು ಬಂದಿರುತ್ತದೆ. ಎಂಟು ಎಳೆಗಳಲ್ಲಿ ತೂಗುತ್ತಿದ್ದು, ಅಷ್ಟೂ ಎಳೆ ಒಂದೇ ತುದಿಯಿಂದ ಡ್ರಮ್ಮಿಗೆ ಸುತ್ತುತ್ತಿದ್ದರೆ, ಡ್ರಮ್ಮು ಎಂಟು ಮೀಟರ್ ಹಗ್ಗ ಎಳೆದಾಗ ಕೊಕ್ಕೆ ಏರುವುದು ಒಂದೇ ಮೀಟರ್.

ಬಹಳ ಜನ ಮರೆಯುವ ಮಾತು ಇನ್ನೊಂದಿದೆ. ಆ 25ರೊಳಗೆ ಸ್ಲಿಂಗು (ಲೋಡು ಕಟ್ಟುವ ಹಗ್ಗ, ಬೆಲ್ಟು), ಶ್ಯಾಕಲ್ಲು (ಜೋಡಿಸುವ ಕೊಂಡಿ), ಸ್ಪ್ರೆಡರ್ ಬೀಮು (ಸ್ಲಿಂಗುಗಳನ್ನು ಅಗಲಿಸಿ ಹಿಡಿಯುವ ಅಡ್ಡ ತೊಲೆ) ಎಲ್ಲದರ ತೂಕವೂ ಸೇರಬೇಕು. 2 ಟನ್‌ನ ಬೀಮ್ ತೂಗುಹಾಕಿದರೆ ಕೆಲಸಕ್ಕೆ ಉಳಿಯುವುದು 23.

ನಮ್ಮ ಏರಿಯಾದಲ್ಲಿ ಕರೆಂಟು ಹೋಗೋದು ಬರೋದು ಮಾಮೂಲಿ. ಲೋಡ್ ಮೇಲಿರುವಾಗ ಕರೆಂಟು ಹೋದರೆ ಬೀಳುತ್ತದೆಯೇ? ಜನರೇಟರ್ ಬರುವ ತನಕ ಏನು ಮಾಡಬೇಕು?
— ಸಣ್ಣ ಶೆಡ್ ಮಾಲೀಕರು, ಪೀಣ್ಯ

ಬೀಳಬಾರದು. ಹಾಯ್ಸ್ಟಿನ (ಲೋಡು ಎತ್ತಿಳಿಸುವ ಭಾಗದ) ಬ್ರೇಕು ಕಾರಿನ ಬ್ರೇಕಿನ ತದ್ವಿರುದ್ಧ. ಇಲ್ಲಿ ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಕರೆಂಟು. ಬಟನ್ ಒತ್ತಿದಾಗ ಥ್ರಸ್ಟರ್ ಎಂಬ ಸಾಧನ ಎಣ್ಣೆಯ ಒತ್ತಡದಿಂದ ಬ್ರೇಕ್ ಶೂಗಳನ್ನು ಬ್ರೇಕ್ ಡ್ರಮ್ಮಿನಿಂದ ದೂರ ತಳ್ಳುತ್ತದೆ. ಕರೆಂಟು ಹೋದ ಕ್ಷಣ ಸ್ಪ್ರಿಂಗು ಶೂಗಳನ್ನು ಒತ್ತಿ ಹಿಡಿಯುತ್ತದೆ, ಲೋಡು ಇದ್ದಲ್ಲೇ ನಿಲ್ಲುತ್ತದೆ.

ಹೀಗಿದ್ದೂ ಲೋಡು ಜಾರಿದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಲೈನಿಂಗ್ ಸವೆದಿದ್ದರೂ ನಟ್ಟು ಬಿಗಿ ಮಾಡುತ್ತ ದಿನ ತಳ್ಳಿರುತ್ತಾರೆ. ಗೇರ್‌ಬಾಕ್ಸಿನ ಸೀಲ್ ಸೋರಿ ಬ್ರೇಕ್ ಡ್ರಮ್ಮಿಗೆ ಎಣ್ಣೆ ಹತ್ತಿರುತ್ತದೆ. ಇಲ್ಲವೇ ಬ್ರೇಕನ್ನು ಕೈಯಿಂದ ಬಿಡಿಸುವ ಲಿವರಿಗೆ ಯಾರೋ ರಿಪೇರಿಯ ದಿನ ಮರದ ಚೂರು ಸಿಕ್ಕಿಸಿ ತೆಗೆಯಲು ಮರೆತಿರುತ್ತಾರೆ. ಮೂರನ್ನೂ ಹಿಡಿಯುವ ಪರೀಕ್ಷೆ ಒಂದೇ: ಪಾಳಿಯ ಮೊದಲ ಭಾರದ ಲಿಫ್ಟಿನಲ್ಲಿ ಲೋಡನ್ನು ನೆಲದಿಂದ 100–150 ಮಿ.ಮೀ. ಮಾತ್ರ ಎತ್ತಿ, ನಿಲ್ಲಿಸಿ, ನೋಡಿ. ಒಂದು ಮರದ ತುಂಡನ್ನು ಪಕ್ಕದಲ್ಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದರೆ ಬೆರಳಗಲ ಜಾರಿದರೂ ಗೊತ್ತಾಗುತ್ತದೆ. ಜಾರಿದರೆ ಆ ಕ್ರೇನ್ ಅವತ್ತಿಗೆ ಬಂದ್.

ಕರೆಂಟು ಹೋದಾಗ ಆಪರೇಟರ್ ಮೊದಲು ಎಮರ್ಜೆನ್ಸಿ ಬಟನ್ ಒತ್ತಬೇಕು. ಜನರೇಟರ್ ಬಂದ ಕೂಡಲೇ ಕ್ರೇನು ತಾನೇ ಹೊರಡಬಾರದಲ್ಲ. ಲೋಡಿನ ಸುತ್ತ ಟೇಪು ಕಟ್ಟಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಕೈಯಿಂದ ಬ್ರೇಕ್ ಬಿಡಿಸಿ ಇಳಿಸುವುದು ಕಲಿತವರ ಕೆಲಸ. ಅವರೂ ಸ್ವಲ್ಪ ಬಿಟ್ಟು, ಹಿಡಿದು, ಮತ್ತೆ ಸ್ವಲ್ಪ ಬಿಡುತ್ತಾರೆ. ಒಂದೇ ಉಸಿರಿಗೆ ಇಳಿಸಿದರೆ ಲೈನಿಂಗ್ ಕಾದು ಹಿಡಿತವೇ ಹೋಗುತ್ತದೆ.

ನಿಮ್ಮ ಶೆಡ್ಡಿನಲ್ಲಿ ಪ್ಲೇಟ್ ಎತ್ತಲು ವಿದ್ಯುತ್ ಮ್ಯಾಗ್ನೆಟ್ ಇದ್ದರೆ ಈ ಭರವಸೆ ನಿಮಗಲ್ಲ. ಬ್ರೇಕು ಹಗ್ಗವನ್ನು ಹಿಡಿಯುತ್ತದೆ, ಪ್ಲೇಟನ್ನಲ್ಲ. ಬ್ಯಾಟರಿ ಬ್ಯಾಕಪ್ ಇಲ್ಲದ ಮ್ಯಾಗ್ನೆಟ್ ಕರೆಂಟು ಹೋದೊಡನೆ ಪ್ಲೇಟನ್ನು ಕೈಬಿಡುತ್ತದೆ. ಬ್ಯಾಟರಿ ಇದ್ದರೂ ಅದು ಇರುವುದು ಲೋಡನ್ನು ಕೆಳಗಿಳಿಸುವಷ್ಟು ಹೊತ್ತಿಗೆ, ಚಹಾ ಕುಡಿದು ಬರುವುದಕ್ಕಲ್ಲ.

ಇನ್ನೂ ಒಂದು ತಪಾಸಣೆ. ಮೇಲಿನ ಲಿಮಿಟ್ ಸ್ವಿಚ್ಚನ್ನು ದಿನಾ ಬೆಳಿಗ್ಗೆ ಖಾಲಿ ಕೊಕ್ಕೆಯಲ್ಲಿ, ನಿಧಾನ ವೇಗದಲ್ಲಿ ಪರೀಕ್ಷಿಸಿ. ಅದು ಕೆಟ್ಟಿದ್ದರೆ ಕೊಕ್ಕೆಯ ಬ್ಲಾಕು ಮೇಲಿನ ಟ್ರಾಲಿಗೆ (ಗರ್ಡರ್ ಮೇಲೆ ಕೊಕ್ಕೆಯನ್ನು ಹೊತ್ತು ಓಡುವ ಗಾಡಿಗೆ) ಡಿಕ್ಕಿ ಹೊಡೆದು ಹಗ್ಗ ತುಂಡಾಗುತ್ತದೆ. ಖಾಲಿ ಬ್ಲಾಕೇ ಆದರೂ ಕೆಳಗಿದ್ದವರ ಗತಿ ಅಷ್ಟೇ. ಲಿಮಿಟ್ ಸ್ವಿಚ್ ಇರುವುದು ಆಪತ್ತಿಗೆ. ದಿನದ ಕೆಲಸದಲ್ಲಿ ಅದನ್ನೇ ಸ್ಟಾಪ್ ಬಟನ್ ಮಾಡಿಕೊಂಡ ಆಪರೇಟರನ್ನು ತಿದ್ದಿ.

10 ಟನ್ ಜಾಬ್ (ಎತ್ತಬೇಕಾದ ಸಾಮಾನು). ತಲಾ 5 ಟನ್‌ನ ಎರಡು ಸ್ಲಿಂಗು ಸಾಕಲ್ಲವೇ? ನಮ್ಮ ರಿಗ್ಗರ್ (ಲೋಡು ಕಟ್ಟುವವನು) ಸಾಲದು ಎಂದು ಹಟ ಹಿಡಿದಿದ್ದಾನೆ.
— ಪ್ರೊಡಕ್ಷನ್ ಸೂಪರ್‌ವೈಸರ್, ಬೊಮ್ಮಸಂದ್ರ

ರಿಗ್ಗರ್ ಹೇಳಿದ್ದೇ ಸರಿ. ಎರಡೂ ಸ್ಲಿಂಗು ನೆಟ್ಟಗೆ ಲಂಬವಾಗಿ ನಿಂತಾಗ ಮಾತ್ರ ತಲಾ 5. ಒಂದೇ ಕೊಕ್ಕೆಯಿಂದ ಎರಡು ಕಾಲು ಅಗಲಿಸಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಎರಡು ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿ ಕಾಲಿಗೆ 5.8 ಟನ್, 90 ಇದ್ದರೆ 7.1 ಟನ್. 120ಕ್ಕೆ ಹೋದರೆ ಒಂದೊಂದು ಕಾಲೂ ಪೂರ್ತಿ 10 ಟನ್ ಹೊರುತ್ತದೆ. 150ರಲ್ಲಿ 19 ಟನ್ ದಾಟುತ್ತದೆ. ಬಟ್ಟೆ ಒಣಗಿಸುವ ಹಗ್ಗವನ್ನು ಎಷ್ಟು ಬಿಗಿಯಾಗಿ ಕಟ್ಟಿದರೆ ಅಷ್ಟು ಬೇಗ ಮೊಳೆ ಕಿತ್ತುಬರುವುದಿಲ್ಲವೇ, ಅದೇ ಇಲ್ಲಿಯೂ.

ಶೆಡ್ಡಿನಲ್ಲಿ ಕೋನಮಾಪಕ ಹುಡುಕಬೇಕಿಲ್ಲ. ಜಾಬಿನ ಎರಡು ಲಗ್ಗುಗಳ (ಸ್ಲಿಂಗು ಸಿಕ್ಕಿಸುವ ಕಿವಿಗಳ) ನಡುವೆ ಎಷ್ಟು ದೂರವಿದೆಯೋ ಸ್ಲಿಂಗಿನ ಕಾಲೂ ಅಷ್ಟೇ ಉದ್ದವಿದ್ದರೆ ಮೂರೂ ಬದಿ ಸಮವಾಗಿ ಕೋನ 60 ಆಗುತ್ತದೆ. ಕಾಲು ಅದಕ್ಕಿಂತ ಗಿಡ್ಡವಾದಷ್ಟೂ ಅಪಾಯ. ಎತ್ತರ ಸಾಲದು ಎಂದು ಗಿಡ್ಡ ಸ್ಲಿಂಗು ಹಾಕುವುದೇ ಈ ಅಪಘಾತಗಳ ಮೂಲ. ಎತ್ತರವಿಲ್ಲದಿದ್ದರೆ ಲಿಫ್ಟಿಂಗ್ ಬೀಮ್ (ನಡುವಿನಲ್ಲಿ ಕೊಕ್ಕೆಗೆ ತೂಗುವ ತೊಲೆ) ಬಳಸಿ.

ನಾಲ್ಕು ಕಾಲಿನ ಸ್ಲಿಂಗ್ ಹಾಕಿದರೆ ನಾಲ್ಕೂ ಸಮ ಹೊರುತ್ತವೆ ಎಂದು ಎಣಿಸಬೇಡಿ. ಗಟ್ಟಿಯಾದ ಜಾಬು ನಾಲ್ಕು ಕಾಲಿನ ಕುರ್ಚಿಯ ಹಾಗೆ, ಒಂದು ಕಾಲು ಯಾವಾಗಲೂ ಸ್ವಲ್ಪ ತೇಲುತ್ತದೆ. ಹೆಚ್ಚೆಂದರೆ ಮೂರನ್ನು ಲೆಕ್ಕಕ್ಕೆ ಹಿಡಿಯಿರಿ, ಅನುಮಾನವಿದ್ದರೆ ಎರಡೇ. ಬೆಲ್ಟ್ ಸ್ಲಿಂಗನ್ನು ಜಾಬಿಗೆ ಕುಣಿಕೆ ಹಾಕಿ ಎತ್ತುವುದಾದರೆ ಅದರ ಸಾಮರ್ಥ್ಯ 80 ಪ್ರತಿಶತಕ್ಕೆ ಇಳಿಯುತ್ತದೆ.

ಪಾಲಿಯೆಸ್ಟರ್ ಬೆಲ್ಟಿನ ಬಣ್ಣವೇ ಅದು ಎತ್ತಬಲ್ಲ ತೂಕ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5, ಕಂದು 6, ನೀಲಿ 8, ಕಿತ್ತಳೆ 10 ಮತ್ತು ಮೇಲೆ. ಆದರೆ ನಂಬಬೇಕಾದದ್ದು ಲೇಬಲ್ಲನ್ನು. ಲೇಬಲ್ ಹರಿದ ಬೆಲ್ಟು ಕಸದ ಬುಟ್ಟಿಗೆ, ಅದೂ ಕತ್ತರಿಸಿ ಹಾಕಿ. ಸುಮ್ಮನೆ ಎಸೆದರೆ ಸಂಜೆಯೊಳಗೆ ಯಾರಾದರೂ ಎತ್ತಿಕೊಂಡು ಬಂದು ಬಳಸುತ್ತಾರೆ. ಪ್ಲೇಟಿನ ಚೂಪು ಅಂಚಿಗೆ ಬೆಲ್ಟು ತಾಗುವಲ್ಲಿ ಉದ್ದಕ್ಕೆ ಸೀಳಿದ ಪೈಪಿನ ತುಂಡು ಕೊಡಿ. ಗೋಣಿಚೀಲ ಮಡಚಿ ಇಡುವುದು ನಮ್ಮಲ್ಲಿ ರೂಢಿ, ಗ್ಯಾಸ್ ಕಟ್ ಮಾಡಿದ ಅಂಚಿನ ಮುಂದೆ ಅದು ನಿಲ್ಲುವುದಿಲ್ಲ.

ಜಾಬಿನ ತೂಕ ಅಂದಾಜಿಗೆ ಬಿಡಬೇಡಿ. ಒಂದು ಚದರ ಮೀಟರ್, ಒಂದು ಮಿ.ಮೀ. ದಪ್ಪದ ಉಕ್ಕು 7.85 ಕೆ.ಜಿ. ಇಷ್ಟು ನೆನಪಿದ್ದರೆ ಸಾಕು. 10 ಮೀಟರ್ ಉದ್ದ, 2.5 ಮೀಟರ್ ಅಗಲ, 25 ಮಿ.ಮೀ. ದಪ್ಪದ ಪ್ಲೇಟು: 25 × 25 × 7.85, ಅಂದರೆ ಸುಮಾರು 4.9 ಟನ್. 3 ಮೀಟರ್ ವ್ಯಾಸ, 2.5 ಮೀಟರ್ ಉದ್ದ, 20 ಮಿ.ಮೀ. ದಪ್ಪದ ಶೆಲ್ಲನ್ನು ಬಿಚ್ಚಿ ಹಾಸಿದರೆ 23.6 ಚದರ ಮೀಟರ್, ತೂಕ ಸುಮಾರು 3.7 ಟನ್. ಹೈಡ್ರೋ ಟೆಸ್ಟ್ ಮುಗಿದ ವೆಸೆಲ್ ಆದರೆ ಒಳಗೆ ನೀರು ಉಳಿದಿದೆಯೇ ನೋಡಿ. ಪ್ರತಿ ಘನ ಮೀಟರಿಗೆ ಒಂದು ಟನ್, ಮೇಲಾಗಿ ಆ ನೀರು ಎತ್ತುವಾಗ ಒಂದು ಕಡೆಗೆ ಓಡುತ್ತದೆ.

ಹೊಸದಾಗಿ ಪೆಂಡೆಂಟ್ (ಕ್ರೇನ್ ಓಡಿಸುವ ತೂಗು ಬಟನ್ ಪೆಟ್ಟಿಗೆ) ಹಿಡಿದಿದ್ದೇನೆ. ಕ್ರೇನ್ ನಿಲ್ಲಿಸಿದ ಮೇಲೂ ಲೋಡು ಓಲಾಡುತ್ತದೆ. ಹೆಲ್ಪರ್‌ಗಳು ಕೈಯಿಂದ ಹಿಡಿಯಲು ಓಡುತ್ತಾರೆ.
— ಟ್ರೈನಿ ಆಪರೇಟರ್, ಜಿಗಣಿ

ಹೆಲ್ಪರ್‌ಗಳನ್ನು ಮೊದಲು ತಡೆಯಿರಿ. 5 ಟನ್ನು ಕೈಗೆ ನಿಲ್ಲುವುದಿಲ್ಲ. ಹಿಡಿಯಲು ಹೋದವರು ಕಂಬಕ್ಕೂ ಲೋಡಿಗೂ ನಡುವೆ ಸಿಗುತ್ತಾರೆ. ದಿಕ್ಕು ತಿರುಗಿಸಲು ಟ್ಯಾಗ್‌ಲೈನ್ ಕಟ್ಟಿ. ಆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಓಲಾಟ ತೂಕದ ಮೇಲೆ ನಿಂತಿಲ್ಲ, ಹಗ್ಗದ ಉದ್ದದ ಮೇಲೆ ನಿಂತಿದೆ. ಟ್ರಾಲಿಯಿಂದ ಲೋಡಿನ ನಡುವಿಗೆ 4 ಮೀಟರ್ ಇದ್ದರೆ ಹೋಗಿ ಬರಲು 4 ಸೆಕೆಂಡು, 9 ಮೀಟರ್ ಇದ್ದರೆ 6 ಸೆಕೆಂಡು. ಮನಸ್ಸಿನಲ್ಲಿ ಎಣಿಸಿಕೊಳ್ಳಿ. ನೀವು ಬಟನ್ ಬಿಟ್ಟಾಗ ಟ್ರಾಲಿ ನಿಲ್ಲುತ್ತದೆ, ಲೋಡು ಮುಂದೆ ಹೋಗುತ್ತದೆ. ಅದು ಮುಂದಿನ ತುದಿ ಮುಟ್ಟಿ ಇನ್ನೇನು ಹಿಂದಿರುಗಬೇಕು ಅನ್ನುವಷ್ಟರಲ್ಲಿ ಅದೇ ದಿಕ್ಕಿಗೆ ಒಂದು ಚಿಕ್ಕ ಟಪ್ ಕೊಟ್ಟು ಟ್ರಾಲಿಯನ್ನು ಲೋಡಿನ ನೆತ್ತಿಗೆ ತನ್ನಿ. ಹಗ್ಗ ನೆಟ್ಟಗಾದ ಕ್ಷಣ ಲೋಡು ಅಲ್ಲೇ ನಿಲ್ಲುತ್ತದೆ. ಟಪ್ ತಡವಾದರೆ ಓಲಾಟ ಹೆಚ್ಚುವುದೂ ಉಂಟು. ಅದಕ್ಕೇ ಹೊಸಬರು ಖಾಲಿ ಕೊಕ್ಕೆಯಲ್ಲಿ, ನೆಲದ ಮೇಲೆ ಬರೆದ ವೃತ್ತದೊಳಗೆ ನಿಲ್ಲಿಸುವುದನ್ನು ಒಂದು ವಾರ ಅಭ್ಯಾಸ ಮಾಡಬೇಕು. ಕೊಕ್ಕೆ ಓಲಾಡುತ್ತಿರುವಾಗ ವಿರುದ್ಧ ದಿಕ್ಕಿನ ಬಟನ್ ಒತ್ತಿ ಬ್ರೇಕ್ ಹೊಡೆಯುವ ಚಾಳಿ ಮಾತ್ರ ಬೇಡ.

ಎತ್ತುವ ಮೊದಲೇ ಕೊಕ್ಕೆ ಜಾಬಿನ ನೆತ್ತಿಯ ಮೇಲೆ ಸರಿಯಾಗಿ ಇಲ್ಲದಿದ್ದರೆ ನೆಲ ಬಿಟ್ಟೊಡನೆ ಜಾಬು ಕೊಕ್ಕೆಯಿರುವ ಕಡೆಗೆ ನುಗ್ಗುತ್ತದೆ. ಓರೆಯಾಗಿ ಎಳೆಯುವ ಕೆಲಸ ಕ್ರೇನಿನದ್ದಲ್ಲ. ಹಗ್ಗ ಡ್ರಮ್ಮಿನ ತೋಡು ಬಿಟ್ಟು ಪಕ್ಕಕ್ಕೆ ಹತ್ತಿ ಹಾಳಾಗುವುದೂ ಹಾಗೆಯೇ.

ಕ್ರೇನ್ ಓಡುವಾಗ ಒಂದು ಬದಿಯಲ್ಲಿ ಕಿರ್ರೆಂದು ಸದ್ದು, ಗ್ಯಾಂಟ್ರಿಯ (ಹಳಿ ಹೊತ್ತ ತೊಲೆಯ) ಕೆಳಗೆ ನೆಲದಲ್ಲಿ ಮಿನುಗುವ ಪುಡಿ. ಗ್ರೀಸ್ ಹಚ್ಚಿದರೆ ಹೋಗುತ್ತದೆಯೇ?
— ಮೇಂಟೆನೆನ್ಸ್ ಫಿಟ್ಟರ್, ದಾಬಸ್‌ಪೇಟೆ

ಸದ್ದು ಹೋಗಬಹುದು, ರೋಗ ಹೋಗುವುದಿಲ್ಲ. ಹಳಿಯ ಮೇಲ್ಮೈಗೆ ಗ್ರೀಸ್ ಬಿದ್ದರೆ ಡ್ರೈವ್ ಚಕ್ರ ಜಾರಿ ಕ್ರೇನು ಇನ್ನಷ್ಟು ಸೊಟ್ಟಗಾಗುತ್ತದೆ. ಆ ಪುಡಿ ಚಕ್ರದ ಅಂಚು ಹಳಿಗೆ ಉಜ್ಜಿ ಉದುರಿದ ಉಕ್ಕು. ಅದು ಶೆಡ್ಡಿನ ಉದ್ದಕ್ಕೂ ಬೀಳುತ್ತಿದ್ದರೆ ಚಕ್ರದ ಜೋಡಣೆ ನೋಡಿ. ಎರಡು ಕಂಬಗಳ ನಡುವೆ ಮಾತ್ರ ಬೀಳುತ್ತಿದ್ದರೆ ಅಲ್ಲಿನ ಹಳಿ ಸರಿದಿದೆ ಅಥವಾ ಕಂಬದ ಬುಡ ಕುಸಿದಿದೆ. ಹಿಂದೆ ಒಂದೇ ಡ್ರೈವ್ ಚಕ್ರ ಬದಲಿಸಿದ್ದಾರೆಯೇ ಕೇಳಿ. ಹೊಸದು ದೊಡ್ಡದು, ಹಳೆಯದು ಸವೆದು ಚಿಕ್ಕದು, ಹಾಗಾಗಿ ಪ್ರತಿ ಸುತ್ತಿಗೂ ಒಂದು ಬದಿ ಮುಂದೋಡುತ್ತದೆ. ಬದಲಿಸುವುದಾದರೆ ಜೋಡಿಯಾಗಿ ಬದಲಿಸಬೇಕು.

ಸ್ಪ್ಯಾನ್ (ಎರಡು ಹಳಿಗಳ ನಡುವಿನ ದೂರ) ಅಳೆಯುವಾಗ ಪ್ರತಿ ಕಂಬದ ಹತ್ತಿರವೂ ಅಳೆಯಿರಿ, ಬೆಳಗಿನ ಜಾವವೇ ಅಳೆಯಿರಿ. 16 ಮೀಟರಿಗೆ ನಮಗಿರುವ ಸಡಿಲ ಆಚೆ ಈಚೆ 3ರಿಂದ 5 ಮಿ.ಮೀ. ಅಷ್ಟೆ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ 15 ಡಿಗ್ರಿ ಏರಿದರೆ ಉಕ್ಕಿನ ಟೇಪೇ ಸುಮಾರು 3 ಮಿ.ಮೀ. ಹಿಗ್ಗುತ್ತದೆ.

ಹಳಿಯ ಪಕ್ಕ ಹತ್ತಿ ಕೆಲಸ ಮಾಡುವಾಗ ಕ್ರೇನು 6 ಮೀಟರಿಗಿಂತ ಹತ್ತಿರ ಬರದಂತೆ ತಡೆ ಇರಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ನೇ ಬರೆದಿಟ್ಟಿತ್ತು. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಹತ್ತಿ.

ಕಾರ್ಖಾನೆ ನೋಡಿ ಬಂದ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ. ವೆಲ್ಡಿಂಗ್ ನೋಡಿದ್ದು ಒಂದೆರಡು ಸಲ ಮಾತ್ರ.
— ವಿದ್ಯಾರ್ಥಿನಿ, ಕೆಂಗೇರಿ

ಇದು ಆರ್ಕ್ ಐ. ಅತಿನೇರಳೆ ಕಿರಣಕ್ಕೆ ಕಣ್ಣಿನ ಮೇಲ್ಪದರ ಸುಡುತ್ತದೆ, ಉರಿ ಶುರುವಾಗುವುದು ಹಲವು ಗಂಟೆ ತಡವಾಗಿ. ಬಹುಮಟ್ಟಿಗೆ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಕತ್ತಲೆ ಕೋಣೆ, ತಣ್ಣೀರಿನ ಬಟ್ಟೆ ಹಿತ ಕೊಡುತ್ತದೆ. ಉಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಬೇಡ, ಅರಿವಳಿಕೆಯ ಡ್ರಾಪ್ಸನ್ನು ಅಂಗಡಿಯಿಂದ ನೀವೇ ತಂದು ಹಾಕಬೇಡಿ. ಕಣ್ಣಿನ ವೈದ್ಯರಿಗೆ ತೋರಿಸಿ. ಕಿಡಿ ಹಾರಿ ಲೋಹದ ಚೂರು ಹೊಕ್ಕಿದ್ದರೂ ಇದೇ ತರಹ ಇರುತ್ತದೆ. ಮುಂದಿನ ಸಲ ಹಸಿರು ಪರದೆಯ ಹಿಂದಿನಿಂದ ನೋಡಿ. ತಂಪು ಕನ್ನಡಕ ಸಾಲುವುದಿಲ್ಲ.

ಒಂಬತ್ತು ವರ್ಷದ ಮಗನಿಗೆ ಕ್ರೇನ್ ಹುಚ್ಚು. ಎಲ್ಲಿ ತೋರಿಸಲಿ? ಜಗತ್ತಿನಲ್ಲಿ ಅತಿ ದೊಡ್ಡದು ಯಾವುದು ಎಂದು ದಿನಾ ಕೇಳುತ್ತಾನೆ.
— ಓದುಗರು, ಬಸವನಗುಡಿ

ಅಷ್ಟು ಚಿಕ್ಕವರನ್ನು ಶಾಪ್ ಫ್ಲೋರಿಗೆ ಬಿಡುವುದಿಲ್ಲ, ಬಿಡಲೂಬಾರದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳನ್ನು ಹತ್ತಿರದಿಂದ ನೋಡಬಹುದು. ಮೆಟ್ರೊ ಕಾಮಗಾರಿ ನಡೆಯುವ ಕಡೆ ಕಂಬದ ಮೇಲೆ ಕೂತ ಲಾಂಚಿಂಗ್ ಗರ್ಡರ್ ಯಂತ್ರವು ಮೇಲುಸೇತುವೆಯ ಸೆಗ್ಮೆಂಟುಗಳನ್ನು (ಕಾಂಕ್ರೀಟ್ ತುಂಡುಗಳನ್ನು) ಒಂದೊಂದಾಗಿ ಎತ್ತಿ ಪೋಣಿಸುವುದು ಬ್ಯಾರಿಕೇಡಿನ ಆಚೆಯಿಂದಲೇ ಕಾಣುತ್ತದೆ. ಇನ್ನೂ ದೊಡ್ಡದು ಬೇಕಿದ್ದರೆ ಒಂದು ರಾತ್ರಿಯ ರೈಲು ಪ್ರಯಾಣ. ಕೊಚ್ಚಿ ಶಿಪ್‌ಯಾರ್ಡಿನಲ್ಲಿ 2024ರಲ್ಲಿ ಉದ್ಘಾಟನೆಯಾದ, ನೀರು ಬಸಿದು ಹಡಗು ಕಟ್ಟುವ ಹೊಸ ಡ್ರೈ ಡಾಕ್‌ಗೆ 600 ಟನ್‌ನ ಗ್ಯಾಂಟ್ರಿ ಕ್ರೇನ್ ಇದೆ.

ಮಗನ ಪ್ರಶ್ನೆಗೆ: ಚೀನಾದ ಯಾಂಟಾಯ್‌ನಲ್ಲಿರುವ ತೈಸುನ್ ಕ್ರೇನು 2008ರಲ್ಲಿ 20,000 ಟನ್‌ಗೂ ಮಿಕ್ಕ ಭಾರ ಎತ್ತಿ ದಾಖಲೆ ಮಾಡಿತು. ಕತೆಯಿರುವ ಕ್ರೇನ್ ಬೇಕಿದ್ದರೆ ಸ್ವೀಡನ್ನಿನ ಮಾಲ್ಮೊದ 1,500 ಟನ್‌ನದ್ದು. ಅಲ್ಲಿನ ಹಡಗುಕಟ್ಟೆ ಮುಚ್ಚಿದ ಮೇಲೆ ಕೊರಿಯಾದ ಉಲ್ಸಾನಿನ ಹಡಗು ಕಾರ್ಖಾನೆ ಅದನ್ನು ಒಂದು ಡಾಲರಿಗೆ ಕೊಂಡು, ಬಿಚ್ಚಿ, ಸಾಗಿಸಿತು. ಬಿಚ್ಚಿ ಒಯ್ಯುವ ಖರ್ಚು ಮಾತ್ರ ಕೊಂಡವರದೇ.